ಥೆರಪಿಸ್ಟ್ ಯಾಕೆ ನೇರವಾಗಿ ಸಲಹೆ ಕೊಡುವುದಿಲ್ಲ?

ನಾನು ಮಾತಿನ ಮೂಲಕ ಮನಸ್ಸಿನ ಚಿಕಿತ್ಸೆ ಮಾಡುವ ಥೆರಪಿಸ್ಟ್. ಓದುಗರೊಬ್ಬರು ಮತ್ತೆ ಅದೇ ಪ್ರಶ್ನೆ ಬರೆದು ಕಳಿಸಿದ್ದಾರೆ. "ನಾಲ್ಕು ಸಲ ಹೋದೆ, ಪೂರ್ತಿ ನಾನೇ ಮಾತಾಡಿದೆ. ಕೆಲಸ ಬಿಡಬೇಕೋ ಬೇಡವೋ ಅಂತ ಅವರು ಹೇಳಲೇ ಇಲ್ಲ. ಇನ್ನೂ ಯಾಕೆ ಹೋಗಬೇಕು?" ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಬರೆಯುತ್ತೇನೆ, ಯಾಕಂದ್ರೆ ಇದೊಂದು ತಪ್ಪು ತಿಳಿವಳಿಕೆಯಿಂದ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ.

ಥೆರಪಿ ಅಂದರೆ ಬುದ್ಧಿ ಹೇಳುವುದಲ್ಲ. ಬುದ್ಧಿ ಹೇಳುವವರು ನಿಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ, ಅಲ್ವಾ? "ಕೆಲಸ ಬಿಡಿ" ಅಂತ ನಾನು ಹೇಳಿದೆ ಅಂದುಕೊಳ್ಳಿ. ಬಿಟ್ಟು ಕಷ್ಟವಾದರೆ ತಪ್ಪು ನನ್ನದು. ಒಳ್ಳೆಯದಾದರೆ ಮುಂದಿನ ನಿರ್ಧಾರಕ್ಕೂ ನಾನೇ ಬೇಕು. ಎರಡರಲ್ಲೂ ನಿಮ್ಮ ಕೈಗೆ ಸಿಕ್ಕಿದ್ದೇನು? ಅದೂ ಅಲ್ಲದೆ, ಎರಡು ಮನಸ್ಸಿನಲ್ಲಿರುವವರನ್ನು ಒಂದು ಕಡೆ ತಳ್ಳಿದರೆ ಅವರು ಇನ್ನೊಂದು ಕಡೆಯ ವಕೀಲರಾಗಿಬಿಡುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತ ಬಿಡಲು ಒದ್ದಾಡುವವರ ಜೊತೆ ಹೇಗೆ ಮಾತಾಡಬೇಕು ಅಂತ 1983ರಲ್ಲಿ ಬರೆದಿದ್ದರ ತಿರುಳೂ ಇದೇ: ಬದಲಾಗಬೇಕು ಅನ್ನುವ ಮಾತು ಅವರ ಬಾಯಿಂದಲೇ ಬರಬೇಕು.

ಹಾಗಂತ ಸುಮ್ನೆ ತಲೆ ಆಡಿಸುತ್ತಾ ಕೂರುವುದೂ ಅಲ್ಲ. "ರಾಜೀನಾಮೆ ಪತ್ರ ಕಳಿಸುವ ಗಳಿಗೆ ನೆನೆಸಿಕೊಳ್ಳಿ, ಮೊದಲು ಯಾರ ಮುಖ ಕಣ್ಣ ಮುಂದೆ ಬರುತ್ತದೆ?" ಅಂತ ಕೇಳುತ್ತೇವೆ. ಮಾತು ನಿಲ್ಲುತ್ತದೆ. ಕೈ ಬ್ಯಾಗಿನ ಜಿಪ್ಪನ್ನು ಹಿಂದೆ ಮುಂದೆ ಎಳೆಯುತ್ತಿರುತ್ತದೆ. ತುಂಬಾ ಹೊತ್ತಿನ ಮೇಲೆ, "ಅಕ್ಕನದು." ಅಲ್ಲಿಂದ ಮುಂದೆ ಮಾತು ಕೆಲಸದ ಬಗ್ಗೆ ಇರುವುದೇ ಇಲ್ಲ. ಇದನ್ನು ಯಾವ ಸಲಹೆ ಹೊರಗೆ ತರುತ್ತಿತ್ತು ಹೇಳಿ?

ಭಯ, ನಿದ್ದೆಯ ತೊಂದರೆಗಳಿಗೆ ಅಭ್ಯಾಸ ಹೇಳಿಕೊಡುತ್ತೇವೆ, ಹೋಂವರ್ಕ್ ಕೊಡುತ್ತೇವೆ. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ನೇರವಾಗಿಯೇ ಮಾತಾಡುತ್ತೇವೆ, ಬೇಕಾದರೆ, ನೀವು ಹೇಳಿದ್ದನ್ನು ಬೇರೆಯವರಿಗೆ ತಿಳಿಸಬಾರದು ಅನ್ನುವ ಗುಟ್ಟಿನ ನಿಯಮವನ್ನೂ ಪಕ್ಕಕ್ಕಿಡುತ್ತೇವೆ. ಬದುಕಿನ ನಿರ್ಧಾರ ಮಾತ್ರ ನಿಮ್ಮದು.

ನೀವು ಕೇಳಲಿಲ್ಲ, ಆದರೂ ಹೇಳಬೇಕು: ಥೆರಪಿಸ್ಟ್ ಮೇಲೆ ಬೇಜಾರಾದರೆ ಅವರ ಹತ್ತಿರವೇ ಹೇಳಬಹುದಾ? ಹೇಳಲೇಬೇಕು. ಗುರಿ ಏನು, ಅದಕ್ಕೆ ಮಾಡುವ ಕೆಲಸ ಏನು ಅನ್ನುವುದರಲ್ಲಿ ಒಪ್ಪಿಗೆ, ಜೊತೆಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ, ಈ ಮೂರರ ಮೇಲೆ ಥೆರಪಿ ನಿಲ್ಲುತ್ತದೆ ಅಂತ ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ 1979ರಲ್ಲೇ ಬರೆದರು. ನಿಮ್ಮಲ್ಲಿ ಮೊದಲನೆಯದರ ಬಗ್ಗೆಯೇ ಮಾತಾಗಿಲ್ಲ ಅಂತ ಕಾಣುತ್ತದೆ. ಅದನ್ನು ಅವರೇ ಶುರು ಮಾಡಬೇಕಿತ್ತು, ಇರಲಿ. ಮುಂದಿನ ಸಲ ಹೋದಾಗ ನನಗೆ ಬರೆದ ಈ ನಾಲ್ಕು ಸಾಲನ್ನೇ ಅವರ ಮುಂದೆ ಓದಿ. ಒಳ್ಳೆಯ ಥೆರಪಿಸ್ಟ್ ಸಿಟ್ಟಾಗುವುದಿಲ್ಲ, ಕುರ್ಚಿ ಸ್ವಲ್ಪ ಮುಂದೆ ಎಳೆದುಕೊಂಡು ಕೂರುತ್ತಾರೆ.