ಬೆರಳ ತುದಿಯ ಎರಡನೇ ಅಂಕಿ

ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇವತ್ತಿಗೂ ಎಷ್ಟೋ ಮನೆಗಳ ಡ್ರಾಯರ್‌ನಲ್ಲಿ ಬಿದ್ದಿದೆ. ಆಗ ನಾವೆಲ್ಲ ಅದರಲ್ಲಿ ಆಕ್ಸಿಜನ್ ಅಂಕಿಯೊಂದನ್ನೇ ನೋಡುತ್ತಿದ್ದೆವು. ಪಕ್ಕದಲ್ಲಿ ಇನ್ನೊಂದು ಅಂಕಿ ಮಿನುಗುತ್ತಿತ್ತು. ನಿಮಿಷಕ್ಕೆ ನಾಡಿ ಎಷ್ಟು ಸಲ ಮಿಡಿಯುತ್ತಿದೆ ಎಂಬ ಲೆಕ್ಕ ಅದು. ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಕಳೆದ ವರ್ಷ ಊರಿಗೆ ಹೋದಾಗ ಸೆಲ್ ಬದಲಿಸಿ, ಮನೆಯವರ ಬೆರಳಿಗೆಲ್ಲ ಅದನ್ನು ಹಾಕಿ ನೋಡಿದೆ. ಅಪ್ಪನಿಗೆ 54 ಬಂತು. ಚಿಕ್ಕಮ್ಮನಿಗೆ 96. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು 72, ಅಲ್ವಾ? ಮೊಬೈಲ್‌ನಲ್ಲಿ ಹುಡುಕಿದರೆ, ದೊಡ್ಡವರಿಗೆ 60ರಿಂದ 100ರವರೆಗೆ ಸರಿ ಅಂತ ಇತ್ತು. ಹಾಗಾದರೆ ಚಿಕ್ಕಮ್ಮ ಪಾಸು, ಅಪ್ಪ ಫೇಲು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಗ್ಗೆ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಂಕಿ ಕೇಳಿ ಗಾಬರಿಯಾಗಲಿಲ್ಲ. "ಯಜಮಾನ್ರೇ, ತಲೆ ಸುತ್ತು ಬರುತ್ತಾ? ಯಾವತ್ತಾದರೂ ಕಣ್ಣು ಕತ್ತಲೆ ಬಂದು ಬಿದ್ದಿದ್ದು ಉಂಟಾ? ತೋಟದಲ್ಲಿ ಓಡಾಡುವಾಗ ಏದುಸಿರು?" ಎಂದರು. ಯಾವುದೂ ಇಲ್ಲ. ಇಸಿಜಿ ತೆಗೆದರು. ಆಮೇಲೆ ಬಿಪಿ ಮಾತ್ರೆಯ ಚೀಟಿ ನೋಡಿ ತಲೆಯಾಡಿಸಿದರು. ಅದರಲ್ಲಿ ಮೆಟೊಪ್ರೊಲಾಲ್ ಇತ್ತು. ಅಡ್ರಿನಲಿನ್ "ಬೇಗ ಬೇಗ" ಎಂದು ಕಳಿಸುವ ಸಂದೇಶ ಹೃದಯಕ್ಕೆ ಪೂರ್ತಿ ಮುಟ್ಟದಂತೆ ತಡೆಯುವ ಮಾತ್ರೆ ಅದು. ನಾಡಿ ನಿಧಾನವಾಗುವುದು ಅದರ ಕೆಲಸವೇ. "ಅಂಕಿ ನೋಡಿ ಹೆದರಿ ಮಾತ್ರೆ ನಿಲ್ಲಿಸಬೇಡಿ" ಎಂದು ಎರಡೆರಡು ಸಲ ಹೇಳಿದರು.

ಅಷ್ಟರಲ್ಲಿ ಅವರ ಕಣ್ಣು ಸುಮ್ನೆ ಜೊತೆಗೆ ಬಂದಿದ್ದ ಚಿಕ್ಕಮ್ಮನ ಮೇಲೆ ಬಿತ್ತು. ಹತ್ತಿರ ಕರೆದು, ಹೆಬ್ಬೆರಳಿನಿಂದ ಅವರ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು ನೋಡಿದರು. ಒಳಗೆ ಕೆಂಪಗಿರಬೇಕಾದ ಜಾಗ ಬೆಳ್ಳಗೆ ಬಿಳಿಚಿಕೊಂಡಿತ್ತು.

ಈ ಎರಡು ಅಂಕಿಗಳ ಗುಟ್ಟು ತಿಳಿಯಬೇಕಾದರೆ ಹೃದಯ ಹೇಗೆ ಬಡಿಯುತ್ತದೆ ಅಂತ ಸ್ವಲ್ಪ ನೋಡಬೇಕು. ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶಗಳ ಗುಂಪು ಇದೆ. ಬಡಿತ ಶುರುವಾಗುವುದು ಅಲ್ಲಿಂದ. ಅದನ್ನು ಮೊದಲು ಕಂಡವನು ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿ. 1906ರ ಬೇಸಿಗೆಯಲ್ಲಿ, ಇಂಗ್ಲೆಂಡಿನ ಕೆಂಟ್ ಸೀಮೆಯ ಒಂದು ಹಳ್ಳಿಮನೆಯಲ್ಲಿ, ಮೋಲ್ ಎಂಬ ನೆಲ ತೋಡುವ ಪುಟ್ಟ ಪ್ರಾಣಿಯ ಹೃದಯದಲ್ಲಿ ಅದು ಕಣ್ಣಿಗೆ ಬಿತ್ತು. ಮರುವರ್ಷ ತನ್ನ ಗುರು ಆರ್ಥರ್ ಕೀತ್ ಜೊತೆ ಸೇರಿ ಅದನ್ನು ಪ್ರಕಟಿಸಿದ.

ಈ ಸೈನಸ್ ನೋಡನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ಹಾಗಾದರೆ ಸುಮ್ಮನೆ ಕೂತಾಗ ನಮ್ಮದು 70 ಯಾಕಿರುತ್ತದೆ? ಮಿದುಳಿನಿಂದ ಇಳಿದು ಬರುವ ವೇಗಸ್ ನರ ಬ್ರೇಕ್ ಹಿಡಿದಿರುತ್ತದೆ. ಇಳಿಜಾರಿನಲ್ಲಿ ಸೈಕಲ್ ಇಳಿಸುವಾಗ ಬ್ರೇಕ್ ಅನ್ನು ಅರ್ಧ ಒತ್ತಿಯೇ ಇರುತ್ತೇವಲ್ಲ, ಹಾಗೆ. ಎದ್ದು ನಾಲ್ಕು ಹೆಜ್ಜೆ ಹಾಕಿದ ಕೂಡಲೇ ನಾಡಿ ಏರುವುದು ಮೊದಲಿಗೆ ಈ ಬ್ರೇಕ್ ಸಡಿಲವಾಗುವುದರಿಂದ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಇದು ಎದ್ದು ಕಾಣುತ್ತದೆ. ಕಸಿ ಮಾಡುವಾಗ ಆ ನರದ ನಂಟು ಕಡಿದುಹೋಗುತ್ತದೆ. ಹಾಗಾಗಿ ಅವರು ಆರಾಮಾಗಿ ಕೂತಿದ್ದರೂ ನಾಡಿ 90, 100ರ ಆಸುಪಾಸು ಇರುತ್ತದೆ. ಇದನ್ನು ಓದಿದ ದಿನ ನನಗೆ ರೋಮಾಂಚನವಾಯಿತು. ವಿಶ್ರಾಂತಿ ಅಂದರೆ ಮೈ ಏನೂ ಮಾಡದೆ ಇರುವುದು ಅಂದುಕೊಂಡಿದ್ದೆ. ಆಗಲೂ ಒಂದು ನರ ಬಿಡುವಿಲ್ಲದೆ ದುಡಿಯುತ್ತಿರುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಕೂತಿರುವಾಗ ಮೈಗೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಒಂದು ಬಡಿತಕ್ಕೆ 70 ಮಿಲಿಲೀಟರ್ ಹೋದರೆ 72 ಬಡಿತ ಬೇಕು. ದಿನಾ ಓಡುವವರ, ಈಜುವವರ ಹೃದಯ ಒಂದೇ ಬಡಿತಕ್ಕೆ 100 ಮಿಲಿಲೀಟರ್ ತಳ್ಳಿದರೆ 50 ಬಡಿತವೇ ಸಾಕು. ಅಂಥವರ ನಾಡಿ 40ರ ಮೇಲೆ ಚೂರು ಇದ್ದರೂ ಅದು ಕಾಯಿಲೆಯಲ್ಲ. ನಿದ್ದೆಯಲ್ಲಿ ಎಲ್ಲರ ನಾಡಿಯೂ ಇಳಿಯುತ್ತದೆ. ಕೈಗೆ ಕಟ್ಟಿದ ವಾಚು ಬೆಳಗ್ಗೆ ಆ ಅಂಕಿ ತೋರಿಸಿದರೆ ಬೆಚ್ಚಿಬೀಳಬೇಕಿಲ್ಲ.

ಚಿಕ್ಕಮ್ಮನದು ಇದಕ್ಕೆ ಉಲ್ಟಾ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.8 ಇತ್ತು, ತೀರಾ ಕಡಿಮೆ. ಆಕ್ಸಿಜನ್ ಹೊರುವುದು ಹಿಮೋಗ್ಲೋಬಿನ್. ಒಂದೊಂದು ಟ್ರಿಪ್ಪಿಗೆ ಲೋಡು ಕಡಿಮೆಯಾದಾಗ ಟ್ರಿಪ್ಪು ಜಾಸ್ತಿ ಹೊಡೆಯಬೇಕು. ಹೃದಯ ಅದನ್ನೇ ಮಾಡುತ್ತಿತ್ತು. ಆಕ್ಸಿಮೀಟರ್‌ನ ಮೊದಲ ಅಂಕಿ ಮಾತ್ರ 98 ಎಂದೇ ತೋರಿಸಿತ್ತು. ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಕ್ಸಿಜನ್ ತುಂಬಿದೆ ಅಂತ ಆ ಅಂಕಿ ಹೇಳುತ್ತದೆ, ಹಿಮೋಗ್ಲೋಬಿನ್ ಎಷ್ಟಿದೆ ಅಂತ ಹೇಳುವುದಿಲ್ಲ. "ಮನೆ ಕೆಲಸ, ಅದಕ್ಕೇ ಸುಸ್ತು" ಎಂದು ಚಿಕ್ಕಮ್ಮ ತಿಂಗಳುಗಟ್ಟಲೆ ತಳ್ಳಿಕೊಂಡು ಬಂದಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ನನಗೆ ಸಂಕಟವಾಗುವುದು ಇಲ್ಲೇ. 96 ಎಂಬುದು ಗೆರೆಯ ಒಳಗೇ ಇತ್ತು. ಗೆರೆಯನ್ನಷ್ಟೇ ನಂಬಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಥೈರಾಯ್ಡ್ ಜಾಸ್ತಿಯಾದರೂ ನಾಡಿ ಹೀಗೇ ಏರುತ್ತದೆ. ಜ್ವರ ಬಂದಾಗ, ಮೈಯಲ್ಲಿ ನೀರು ಕಡಿಮೆಯಾದಾಗ, ಬಸುರಿಯಾದಾಗಲೂ ಏರುತ್ತದೆ.

ಅಮೆರಿಕದಲ್ಲಿ 92 ಸಾವಿರಕ್ಕೂ ಹೆಚ್ಚು ಜನರ ಫಿಟ್‌ಬಿಟ್ (ಕೈಗೆ ಕಟ್ಟಿಕೊಂಡು ನಾಡಿ ಅಳೆಯುವ ಸಾಧನ) ಲೆಕ್ಕವನ್ನು ಒಟ್ಟುಗೂಡಿಸಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿಶ್ರಾಂತಿಯ ನಾಡಿ ಒಬ್ಬರಿಗೆ 40 ಇದ್ದರೆ ಇನ್ನೊಬ್ಬರಿಗೆ 109 ಇತ್ತು. ಸರಾಸರಿ 65. ಮನುಷ್ಯರ ನಡುವೆ ಇಷ್ಟು ಅಂತರವಿದ್ದರೂ, ಒಬ್ಬರದೇ ಅಂಕಿ ವಾರದಿಂದ ವಾರಕ್ಕೆ ಬಹುತೇಕ ಮಂದಿಯಲ್ಲಿ ಅಷ್ಟೇನೂ ಅಲುಗಾಡಿರಲಿಲ್ಲ. ಅದಕ್ಕೇ ಪಕ್ಕದ ಮನೆಯವರ ಅಂಕಿಗಿಂತ ನಿಮ್ಮದೇ ಹೋದ ತಿಂಗಳ ಅಂಕಿ ಮುಖ್ಯ. ಹಾಗಂತ ಏನಿದ್ದರೂ ಒಂದೇ ಅಂತಲೂ ಅಲ್ಲ. ಕೋಪನ್‌ಹೇಗನ್‌ನಲ್ಲಿ ಸುಮಾರು 2,800 ಗಂಡಸರನ್ನು 16 ವರ್ಷ ಗಮನಿಸಿದ್ದರು. 50 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಹೋಲಿಸಿದರೆ, 90 ದಾಟಿದವರಲ್ಲಿ ಸಾವಿನ ಅಪಾಯ ಸುಮಾರು ಮೂರು ಪಟ್ಟು ಇತ್ತು. ನಾಡಿ ಓಡುವುದೇ ಕಾರಣವೋ, ಒಳಗಿನ ಬೇರೆ ತೊಂದರೆಯ ಗುರುತೋ ಎಂಬುದು ಇದರಿಂದ ತೀರ್ಮಾನವಾಗುವುದಿಲ್ಲ. ಆದರೆ 90ರ ಮೇಲೇ ನಿಂತಿದ್ದರೆ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು.

ಅಳೆಯಲು ಯಂತ್ರವೇ ಬೇಕಿಲ್ಲ. ಬೆಳಗ್ಗೆ ಕಾಫಿಗೆ ಮೊದಲು ಐದು ನಿಮಿಷ ಸುಮ್ಮನೆ ಕೂರಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. ಹೆಬ್ಬೆರಳಿಂದ ನೋಡಬೇಡಿ, ಅದರಲ್ಲೂ ನಾಡಿ ಇರುವುದರಿಂದ ಲೆಕ್ಕ ತಪ್ಪುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುವಾಗ ತಾಳವನ್ನೂ ಗಮನಿಸಿ. ಅಡ್ಡಾದಿಡ್ಡಿಯಾಗಿ ಮಿಡಿಯುತ್ತಿದ್ದರೆ, ಅಂಕಿ 72 ಇದ್ದರೂ ಡಾಕ್ಟರಿಗೆ ತೋರಿಸಬೇಕು. ಕೂತಲ್ಲೇ 100 ದಾಟಿ ಅಲ್ಲೇ ಇದ್ದರೂ ಹೋಗಬೇಕು. ನಾಡಿ ನಿಧಾನವಾಗಿದ್ದು ತಲೆಸುತ್ತು, ಏದುಸಿರು ಇದ್ದರೆ, ಪ್ರಜ್ಞೆ ತಪ್ಪಿದ್ದರೆ, ಎದೆನೋವಿದ್ದರೆ ತಡಮಾಡಲೇಬಾರದು.

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಈಗ ಭಾನುವಾರದ ಚೌಕಗಳಲ್ಲಿ ಎರಡು ಅಂಕಿ ಇರುತ್ತವೆ. ಬರೆಯುವವರು ಅಪ್ಪ. ಅವರದು 54, 56, 53. ಚಿಕ್ಕಮ್ಮ ಕಬ್ಬಿಣಾಂಶದ ಮಾತ್ರೆ ಶುರು ಮಾಡಿದ ತಿಂಗಳು 94 ಇತ್ತು. ಮರುತಿಂಗಳು 87. ದೀಪಾವಳಿಯ ವಾರದ ಚೌಕದಲ್ಲಿ 76 ಅಂತಿದೆ, ಪಕ್ಕದಲ್ಲಿ ಅರ್ಧ ಲೀಟರ್ ಜಾಸ್ತಿ ಹಾಲಿನ ಲೆಕ್ಕ.