ಅಂಗವಿಕಲರಿಗೆ ಬೇರೆ ತಂಡ ಮಾಡಬೇಕಾ?

ಪ್ರಶ್ನೆ: ನಮ್ಮ ಸಂಘದಿಂದ ಪ್ರತಿವಾರ ಆಟೋಟ, ಚಿತ್ರಕಲೆ ತರಗತಿ ನಡೆಸುತ್ತೇವೆ. ಅಂಗವಿಕಲರೂ ಬರಲಿ ಎಂಬ ಆಸೆ ಇದೆ. ಅವರಿಗೆ ಬೇರೆ ತಂಡ ಮಾಡುವುದೋ, ಎಲ್ಲರ ಜೊತೆಗೇ ಸೇರಿಸುವುದೋ?

ಉತ್ತರ: ಬರುವವರನ್ನೇ ಕೇಳಿ. ಅವರ ಪರವಾಗಿ ನೀವು ಕೂತು ತೀರ್ಮಾನ ಮಾಡಬೇಡಿ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಒಡಂಬಡಿಕೆಯ 30ನೇ ವಿಧಿ ಎರಡನ್ನೂ ಹೇಳುತ್ತದೆ: ಎಲ್ಲರ ಜೊತೆ ಆಡುವ ಅವಕಾಶವೂ ಇರಬೇಕು, ತಮಗಾಗಿಯೇ ಇರುವ ಕ್ರೀಡೆಗಳನ್ನು ನಡೆಸುವ ಅವಕಾಶವೂ ಇರಬೇಕು.

ಎಲ್ಲರ ಜೊತೆ ಆಡುತ್ತೇವೆ ಅಂದರೆ? ಆಟದ ನಿಯಮವನ್ನು ಸ್ವಲ್ಪ ಸಡಿಲಿಸಿ. ವ್ಹೀಲ್‌ಚೇರ್ ಟೆನಿಸ್‌ನಲ್ಲಿ ಚೆಂಡು ಎರಡು ಸಲ ಪುಟಿಯಬಹುದು, ಎರಡನೆಯದು ಅಂಕಣದ ಹೊರಗೆ ಬಿದ್ದರೂ ಆದೀತು. ಉಳಿದದ್ದು ಹೆಚ್ಚುಕಡಿಮೆ ಅದೇ ಟೆನಿಸ್. ಹಾಗಾಗಿ ಗಾಲಿಕುರ್ಚಿಯಲ್ಲಿರುವವರು ನಡೆದಾಡುವವರ ಎದುರು ಆರಾಮಾಗಿ ಆಡಬಹುದು. ಇವರಿಗೆ ಎರಡು ಪುಟಿತ, ಅವರಿಗೆ ಒಂದೇ. ಗೋಲ್‌ಬಾಲ್ ಇನ್ನೂ ಮಜಾ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಹುಟ್ಟಿದ ಆಟ ಇದು. ಚೆಂಡಿನೊಳಗೆ ಗಂಟೆಗಳಿರುತ್ತವೆ, ಆಡುವವರೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಎದುರು ತಂಡ ಗೋಲಿನತ್ತ ಉರುಳಿಸಿದ ಚೆಂಡನ್ನು ಗಂಟೆಯ ಸದ್ದು ಕೇಳಿಯೇ ತಡೆಯಬೇಕು. ಕಣ್ಣು ಕಾಣುವವರೂ ಪಟ್ಟಿ ಕಟ್ಟಿ ಇಳಿಯಲಿ, ಯಾರು ಚೆನ್ನಾಗಿ ಆಡುತ್ತಾರೆ ನೋಡೋಣ! ನೋಡುವವರು ಮಾತ್ರ ಚೆಂಡು ಉರುಳುವಾಗ ಚಪ್ಪಾಳೆ ತಟ್ಟಬಾರದು, ಸದ್ದು ಕೇಳಿಸುವುದಿಲ್ಲ.

ಒಂದು ಎಚ್ಚರಿಕೆ. ಸ್ಕೋರ್ ಬರೆಯಲು ಕೂರಿಸಿ 'ನಾವೂ ಸೇರಿಸಿಕೊಂಡೆವು' ಅನ್ನುವ ಚಾಳಿ ಬಹಳ ಕಡೆ ಇದೆ. ಬೇಕಂತಲೇ ಸೋತು ಗೆಲ್ಲಿಸುವುದೂ ಅಷ್ಟೇ ಬೇಸರದ ಸಂಗತಿ. ಸೋಲುವ ಹಕ್ಕೂ ಆಟದ ಭಾಗವೇ ಅಲ್ವಾ?

ಜಾಗದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಇಳಿಜಾರು ಕಡಿದಾಗಿರಬಾರದು, ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಯುತ್ತದಾ ಅಂತ ಮೊದಲೇ ನೋಡಿ, ಇಲ್ಲದಿದ್ದರೆ ಬಂದವರು ನೀರು ಕುಡಿಯಲೂ ಹಿಂಜರಿಯುತ್ತಾರೆ. ಗದ್ದಲ ತಡೆಯಲಾಗದ ಮಕ್ಕಳಿಗೆ ಒಂದು ಶಾಂತ ಕೋಣೆ ಬಿಟ್ಟಿರಿ. ಚಿತ್ರಕಲೆಯಲ್ಲಿ ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತ ಕಡಿಮೆ ಇರುವವರಿಗೆ ಅನುಕೂಲ.

ಹೆಸರು ಬರೆಸಿಕೊಳ್ಳುವಾಗ 'ನಿಮಗೇನು ತೊಂದರೆ?' ಅಂತ ಕೇಳಬೇಡಿ. 'ಇಲ್ಲಿ ಆಡಲು ಏನು ಅನುಕೂಲ ಬೇಕು?' ಅಂದರೆ ಸಾಕು. ಅದೂ ಎಲ್ಲರಿಗೂ ಕೊಡುವ ಫಾರಂನಲ್ಲೇ ಇರಲಿ. ಜೊತೆಗೆ ಬರುವ ಸಹಾಯಕರಿಂದ ಶುಲ್ಕ ತೆಗೆದುಕೊಳ್ಳಬೇಡಿ. ಆದರೆ ಪ್ರಶ್ನೆ ಕೇಳುವಾಗ ಸಹಾಯಕರ ಮುಖ ನೋಡದೆ ಆಡಲು ಬಂದವರನ್ನೇ ನೋಡಿ ಕೇಳಿ.