ಮೊದಲು ಎಸ್‌ಎಂಪಿಎಸ್ ಸ್ಟಿಕರ್ ಓದಿ

ನಲವತ್ತು ಸಾವಿರದೊಳಗೆ ಒಂದು ಡೆಸ್ಕ್‌ಟಾಪ್ ನಾವೇ ಜೋಡಿಸಿಕೊಳ್ಳೋಣ ಅಂತ ಹೊರಟವರು ಮೊದಲು ಒಂದು ಪಟ್ಟಿ ಮಾಡುತ್ತಾರೆ. ತಲೆಯಲ್ಲಿ ಗ್ರಾಫಿಕ್ಸ್ ಕಾರ್ಡ್, ಆಮೇಲೆ ಪ್ರೊಸೆಸರ್, ರ‍್ಯಾಮ್. ಬಣ್ಣದ ದೀಪದ ಕ್ಯಾಬಿನೆಟ್ಟಿಗೂ ಒಂದಿಷ್ಟು. ಕೊನೆಗೆ ಉಳಿದ ಚಿಲ್ಲರೆಯಲ್ಲಿ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟು ಕೊಡುವ ಪೆಟ್ಟಿಗೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಈ ಲೆಕ್ಕ ಹೇಗೋ ನಡೆದೀತು. ಕಾರವಾರದ ಕೋಡಿಬಾಗದಲ್ಲೋ, ಅಂಕೋಲೆಯಲ್ಲೋ, ಶಿರಸಿ ಪಕ್ಕದ ತೋಟದ ಮನೆಯಲ್ಲೋ ನಡೆಯುವುದು ಕಷ್ಟ. ನಮ್ಮಲ್ಲಿ ಕಂಪ್ಯೂಟರಿಗೆ ಶತ್ರು ಇಬ್ಬರು, ಕರೆಂಟು ಮತ್ತು ತೇವ. ಹಾಗಾಗಿ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು.

ಕರೆಂಟಿನ ವಿಚಾರದಲ್ಲಿ ನಮ್ಮ ಜಿಲ್ಲೆಯದು ತಮಾಷೆಯ ಕಥೆ. ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿತ್ತು. ಆಗ ಅದು ವಿಶ್ವದಾಖಲೆ. ಕಾಳಿ ನದಿಗೆ ಕದ್ರಾ, ಕೊಡಸಳ್ಳಿ ಅಂತ ಅಣೆಕಟ್ಟುಗಳ ಸಾಲೇ ಇದೆ. ಆದರೆ ಜೂನಿನಲ್ಲಿ ಒಂದು ಅಕೇಶಿಯಾ ಕೊಂಬೆ ತಂತಿಯ ಮೇಲೆ ಬಿದ್ದರೆ ಆ ದಾಖಲೆಯೆಲ್ಲ ನಮ್ಮ ಮನೆಯ ಸ್ವಿಚ್ಚಿನ ತನಕ ಬರುವುದಿಲ್ಲ. ಬಂದಾಗಲೂ 230 ವೋಲ್ಟ್ ಇರುತ್ತದೆ ಅಂತ ಹೇಳುವ ಹಾಗಿಲ್ಲ. ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ಫ್ಯಾನು ಸುಸ್ತಾಗಿ ತಿರುಗುವುದನ್ನು ನೋಡಿಯೇ ಇರುತ್ತೀರಿ.

ಈ ಕರೆಂಟನ್ನು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಬದಲಾಯಿಸಿ ಕೊಡುವುದೇ ಎಸ್‌ಎಂಪಿಎಸ್ ಕೆಲಸ. ಕೆಟ್ಟ ಎಸ್‌ಎಂಪಿಎಸ್ ಸತ್ತರೆ ಒಂಟಿಯಾಗಿ ಸಾಯುವುದಿಲ್ಲ, ಕೆಲವೊಮ್ಮೆ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅಂಗಡಿಯಲ್ಲಿ ಅದರ ಡಬ್ಬದ ಮೇಲಿನ ದೊಡ್ಡ ಅಕ್ಷರ ಓದಬೇಡಿ. ತಿರುಗಿಸಿ, ಪಕ್ಕದಲ್ಲಿ ಅಂಟಿಸಿದ ಸ್ಟಿಕರ್ ಓದಿ. 12 ವೋಲ್ಟಿನ ಕೆಳಗೆ ಎಷ್ಟು ಆಂಪ್ ಬರೆದಿದೆ ನೋಡಿ, 12ರಿಂದ ಗುಣಿಸಿ. ಒಳ್ಳೆಯ 450 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ 36 ಆಂಪ್ ಇದ್ದರೆ 432 ವ್ಯಾಟ್ ಆಯಿತು, ಅಂದರೆ ಮಾತು ನಿಜ. ಹೊರಗೆ 450 ಅಂತ ಬರೆದು ಒಳಗೆ 16 ಆಂಪ್ ಇದ್ದರೆ ಸಿಗುವುದು 192 ವ್ಯಾಟ್ ಮಾತ್ರ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು ಈ 12 ವೋಲ್ಟಿನ ಮೇಲೆಯೇ.

ಅದೇ ಸ್ಟಿಕರಿನಲ್ಲಿ ಇನ್ನೊಂದು ಸಾಲು ಇರುತ್ತದೆ, ಇನ್‌ಪುಟ್ ವೋಲ್ಟೇಜ್. 200–240 ಅಂತಿದ್ದರೆ ನಮ್ಮೂರಿಗೆ ಬೇಡ. 100–240 ಅಂತಿರುವುದನ್ನು ತೆಗೆದುಕೊಳ್ಳಿ. ವೋಲ್ಟೇಜ್ 160ಕ್ಕೆ ಇಳಿದರೂ ಅದು ಕೆಲಸ ಬಿಡುವುದಿಲ್ಲ. ಕಡಿಮೆ ವೋಲ್ಟೇಜಿಗೆ ಜಾಸ್ತಿ ಆಂಪ್ ಎಳೆದುಕೊಂಡು ಅಷ್ಟೇ ವ್ಯಾಟ್ ಕೊಡುತ್ತದೆ. ಸ್ಟೆಬಿಲೈಜರ್ ದುಡ್ಡು ಉಳಿಯಿತು.

ಯುಪಿಎಸ್ ಬೇಕಾ? ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೊದಲು ಅದರ ಹಿಂಭಾಗ ನೋಡಿ. ಹಲವು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಕರೆಂಟು ಹೋದ ಮೇಲೂ ಒಳ್ಳೆಯ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ತುಂಬಿಕೊಂಡದ್ದನ್ನು ಬಳಸಿ ಸುಮಾರು 16 ಮಿಲಿಸೆಕೆಂಡ್ ತಡೆಯುತ್ತದೆ. ಅಷ್ಟರೊಳಗೆ ಬ್ಯಾಟರಿ ಕೈಜೋಡಿಸಿದರೆ ಕಂಪ್ಯೂಟರಿಗೆ ಏನೂ ಗೊತ್ತಾಗುವುದಿಲ್ಲ. ಸಾಮಾನ್ಯ ಮೋಡ್‌ನಲ್ಲಿ ಇನ್ವರ್ಟರ್ ಇನ್ನೂ ನಿಧಾನ, ಅದಕ್ಕೇ ದೀಪ ಮಿನುಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದು.

ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಇದು ಎಸ್‌ಎಂಪಿಎಸ್ ಕೆಟ್ಟ ಲಕ್ಷಣವೇ ಆಗಬೇಕಿಲ್ಲ. ಕರೆಂಟಿನಲ್ಲಿ ಸೇರುವ ಗದ್ದಲ (ನಾಯ್ಸ್) ಸೋಸುವುದಕ್ಕೆ ಅದರೊಳಗೆ ಎರಡು ಪುಟ್ಟ ಕೆಪಾಸಿಟರುಗಳನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ಜೋಡಿಸಿರುತ್ತಾರೆ. ಅರ್ಥಿಂಗ್ ಇಲ್ಲದಿದ್ದರೆ ಆ ಲೋಹ ಅರ್ಧ ವೋಲ್ಟೇಜಿಗೆ, ಅಂದರೆ 115ರ ಹತ್ತಿರಕ್ಕೆ ಏರಿ ನಿಲ್ಲುತ್ತದೆ. ಹರಿಯುವ ಕರೆಂಟು ತೀರಾ ಸಣ್ಣದು, ಆದರೆ ಮನೆಯ ಅರ್ಥಿಂಗ್ ಸತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಹಳೆಯ ಚಿರೆಕಲ್ಲಿನ ಮನೆಯಾದರೆ ಮೊದಲು ಎಲೆಕ್ಟ್ರಿಶಿಯನ್ ಕರೆಸಿ. ಇದೂ ಬಜೆಟ್ಟಿನ ಭಾಗವೇ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಲ್ಯಾನ್ ಕೇಬಲನ್ನೂ ಕೀಳಬೇಕು. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ ನಿಜ, ಆದರೆ ಇಂಟರ್ನೆಟ್ಟಿನ ರೌಟರ್ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಬರುವುದು ತಾಮ್ರ.

ಇನ್ನು ತೇವ. ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರು ಬಿಡುವುದು ಯಾಕೆ ಗೊತ್ತಾ? ಗಾಳಿಯ ಸಾಪೇಕ್ಷ ತೇವಾಂಶ (ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಎಷ್ಟು ಪಾಲು ಇದೆ ಅನ್ನುವ ಲೆಕ್ಕ) ಸುಮಾರು 75 ಶೇಕಡಾ ದಾಟಿದರೆ ಸೋಡಿಯಂ ಕ್ಲೋರೈಡ್ ಗಾಳಿಯಿಂದಲೇ ನೀರು ಎಳೆದು ಕರಗತೊಡಗುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ 33 ಶೇಕಡಾ ಸಾಕು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಪ್ಯಾಕೆಟ್ ಉಪ್ಪಿಗಿಂತ ಬೇಗ ಒದ್ದೆಯಾಗುವುದಕ್ಕೆ ಕಾರಣ ಶುದ್ಧೀಕರಿಸದ ಕಡಲುಪ್ಪಿನಲ್ಲಿ ಉಳಿದ ಈ ಮೆಗ್ನೀಸಿಯಂ. ಅಲೆ ಒಡೆದಾಗ ಗಾಳಿಗೆ ಏರುವುದೂ ಇದೇ ಉಪ್ಪು. ಅದು ಕಿಟಕಿಯಿಂದ ಬಂದು, ಫ್ಯಾನಿನ ಮೂಲಕ ಮದರ್‌ಬೋರ್ಡಿನ ಮೇಲೆ ಕೂರುತ್ತದೆ. ತೇವ ಏರಿದಾಗ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಉಪ್ಪುನೀರಿನ ಪದರವಾಗುತ್ತದೆ. ಬೋರ್ಡಿನ ಪಕ್ಕಪಕ್ಕದ ಎರಡು ತಾಮ್ರದ ಗೆರೆಗಳ ನಡುವೆ ವೋಲ್ಟೇಜ್ ಇದ್ದರೆ ಲೋಹದ ಅಯಾನುಗಳು ಆ ನೀರಿನಲ್ಲಿ ಸಾಗಿ, ಕೂದಲೆಳೆಯಂಥ ಕವಲುಗಳಾಗಿ ಬೆಳೆದು ಶಾರ್ಟ್ ಮಾಡುತ್ತವೆ.

ಹಾಗಾದರೆ ಮಳೆಗಾಲದಲ್ಲಿ ಕಂಪ್ಯೂಟರ್ ಮುಚ್ಚಿಡಬೇಕಾ? ಉಲ್ಟಾ! ದಿನಾ ಓಡಿಸಬೇಕು. 26 ಡಿಗ್ರಿಯಲ್ಲಿ 90 ಶೇಕಡಾ ತೇವವಿದ್ದ ಗಾಳಿ ಕ್ಯಾಬಿನೆಟ್ಟಿನೊಳಗೆ 36 ಡಿಗ್ರಿಗೆ ಬಿಸಿಯಾದರೆ, ನೀರು ಅಷ್ಟೇ ಇದ್ದರೂ ಸಾಪೇಕ್ಷ ತೇವಾಂಶ 51ರ ಆಸುಪಾಸಿಗೆ ಇಳಿಯುತ್ತದೆ. 75ರ ಗೆರೆಯಿಂದ ಎಷ್ಟೋ ಕೆಳಗೆ. ಮೆಗ್ನೀಸಿಯಂ ಭಾಗ ಒಣಗದಿದ್ದರೂ ಹೆಚ್ಚಿನ ಉಪ್ಪು ಒಣಗಿರುತ್ತದೆ. ಆರಿಸಿಟ್ಟ ಕಂಪ್ಯೂಟರಿಗೆ ಆ ಬಿಸಿ ಇಲ್ಲ. ಪ್ಲಗ್ ಗೋಡೆಯಲ್ಲೇ ಆನ್ ಇದ್ದರೆ 5 ವೋಲ್ಟಿನ ಸ್ಟ್ಯಾಂಡ್‌ಬೈ ಮಾತ್ರ ಬೋರ್ಡಿನಲ್ಲಿ ಇದ್ದೇ ಇರುತ್ತದೆ. ಒದ್ದೆ ಉಪ್ಪು, ಜೊತೆಗೆ ವೋಲ್ಟೇಜ್, ಅದೇ ಕೆಟ್ಟ ಜೋಡಿ. ಊರಿಗೆ ಹೋಗುವಾಗ ಗೋಡೆಯ ಸ್ವಿಚ್ ಆರಿಸಿ. ಕ್ಯಾಬಿನೆಟ್ಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದು ಸುಮ್ನೆ ಸಮಾಧಾನಕ್ಕೆ, ಫ್ಯಾನು ಗಾಳಿ ಬದಲಿಸುತ್ತಲೇ ಇರುತ್ತದೆ. ಅದರ ಬದಲು ಮುಂದೆ ಜಾಲರಿ ಇರುವ ಸಾದಾ ಕ್ಯಾಬಿನೆಟ್ ತಗೊಂಡು, ಸಮುದ್ರದ ಕಡೆಯ ಕಿಟಕಿಯಿಂದ ದೂರ, ನೆಲದಿಂದ ಎತ್ತರಕ್ಕೆ ಇಡಿ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿ, ಘಟ್ಟದ ಮೇಲಿದೆ. ಅಲ್ಲಿ ಉಪ್ಪಿನ ಕಾಟ ಕಡಿಮೆ, ಬೂಷ್ಟು ಮತ್ತು ಸಿಡಿಲಿನದು ಜಾಸ್ತಿ.

ಉಳಿದದ್ದು ಸುಲಭ. ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ತೆಗೆದುಕೊಳ್ಳಿ. 2021ರ ರೈಜನ್ 5 5600ಜಿಯಲ್ಲಿ ಆರು ಕೋರ್ ಇವೆ, 65 ವ್ಯಾಟಿನದು. ಇಂಟೆಲ್‌ನ ಐ3-12100 ಆದರೂ ಆದೀತು, ಆದರೆ ಹೆಸರಿನ ಕೊನೆಗೆ ಎಫ್ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಅಂಗಡಿಯವರು ಅಗ್ಗ ಅಂತ ಅದನ್ನೇ ಮುಂದಿಟ್ಟಾರು. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಿಂದ ಸಾಲ ಪಡೆಯುತ್ತದೆ. ಹಾಗಾಗಿ ಒಂದು 16 ಜಿಬಿಗಿಂತ ಎರಡು 8 ಜಿಬಿ ಒಳ್ಳೆಯದು. ಡಿಡಿಆರ್4-3200 ಅನ್ನುವ ಬಗೆಯದಾದರೆ, ಒಂದೇ ಹಾಕಿದಾಗ ಸೆಕೆಂಡಿಗೆ 25.6 ಜಿಬಿ ಸಾಗಿಸುವ ದಾರಿ ಎರಡು ಹಾಕಿದಾಗ 51.2 ಆಗುತ್ತದೆ. ಹಾರ್ಡ್ ಡಿಸ್ಕ್ ಬಿಟ್ಟು ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿ, 500 ಜಿಬಿ ಸಾಕು.

ಇಷ್ಟೂ ಸೇರಿ ಮಾಮೂಲಿ ಕೆಲಸಕ್ಕೆ ಎಳೆಯುವುದು 150 ವ್ಯಾಟಿನ ಒಳಗೆ. ಗ್ರಾಫಿಕ್ಸ್ ಕಾರ್ಡಿಗೆ ಮುಂದೆ ಯಾವಾಗಲಾದರೂ ದುಡ್ಡು ಕೂಡಿದರೆ ಕಾರ್ಡಿನ ಉದ್ದ ಕ್ಯಾಬಿನೆಟ್ಟಿಗೆ ಹಿಡಿಯುತ್ತದಾ, ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಕರೆಂಟು ಕೊಡುವ ಎಂಟು ಪಿನ್ನಿನ ವೈರು ಖಾಲಿ ಇದೆಯಾ ಅಂತ ಈಗಲೇ ನೋಡಿಟ್ಟುಕೊಳ್ಳಿ. ಆ ವೈರು ಇದ್ದರೆ 36 ಆಂಪಿನಲ್ಲಿ ಅದಕ್ಕೂ ಜಾಗ ಇದೆ.